ಬೀರುವಿಗೆ ಎಣ್ಣೆ ಹಾಕಿದವರು

ಕಾರ್ತಿಕ ಮುಗಿದು ಚಳಿ ಬಲಿಯುತ್ತಿದ್ದ ದಿನಗಳು. ಹಾಲಿನವನು ಆಗತಾನೇ ಹೋಗಿದ್ದ, ಗಂಗಾನಗರದ ನಮ್ಮ ಬೀದಿಯಲ್ಲಿ ದೀಪ ಇನ್ನೂ ಆರಿರಲಿಲ್ಲ. ಬಾಗಿಲಿಗೆ ನೀರು ಹಾಕೋಣವೆಂದು ಬಕೆಟ್ಟು ಹಿಡಿದು ಹೊರಗೆ ಬಂದರೆ, ನಿರಂಜನ್ ಡಾಕ್ಟ್ರು ಸ್ಟೂಲಿನ ಮೇಲೆ ನಿಂತು ತಮ್ಮ ಬೋರ್ಡಿಗೆ ಹಳೇ ಬೆಡ್‌ಶೀಟು ಕಟ್ಟುತ್ತಿದ್ದರು.

ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅವರ ಕ್ಲಿನಿಕ್ಕು. ಸಂಜಯನಗರದಿಂದ ಸ್ಕೂಟರಿನಲ್ಲಿ ಬರುತ್ತಾರೆ. ಹತ್ತು ಗಂಟೆಗೆ ಮೊದಲು ಅವರ ಮುಖವನ್ನು ಈ ಬೀದಿ ನೋಡಿದ್ದಿಲ್ಲ.

"ಏನ್ ಡಾಕ್ಟ್ರೇ, ಇಷ್ಟೊತ್ತಿಗೇ?" ಅಂದೆ.

ಬೆಚ್ಚಿ ತಿರುಗಿದರು. "ಬೋರ್ಡಿಗೆ ಪೇಂಟ್ ಮಾಡಿಸ್ಬೇಕಮ್ಮ. ಬಣ್ಣ ಎಲ್ಲಾ ಹೋಗ್ಬಿಟ್ಟಿದೆ."

ಯುಗಾದಿ ಕಳೆದ ಮೇಲೆ ಅದೇ ಬೋರ್ಡಿಗೆ ಹೊಸ ಬಣ್ಣ ಬಳಿಸಿದ್ದು ನನಗೆ ನೆನಪಿತ್ತು. ಬಳಿದವನು ನಮ್ಮನೆಯಲ್ಲೇ ಕಾಫಿ ಕುಡಿದು ಹೋಗಿದ್ದ. ಆದರೂ, "ಆ ಮೂಲೆ ಬಿಚ್ಕೊಳ್ತದೆ, ಇನ್ನೊಂದು ಗಂಟು ಹಾಕಿ" ಅಂದು ನೀರು ಹಾಕಿ ಒಳಗೆ ಬಂದೆ.

ಪೇಂಟಿನವನು ಆವತ್ತೂ ಬರಲಿಲ್ಲ, ಮಾರನೇ ದಿನವೂ ಬರಲಿಲ್ಲ.

ಈಗ ಕ್ಲಿನಿಕ್ಕು ಇರುವ ಕೋಣೆ ಮೊದಲು ನಮ್ಮ ದನದ ಕೊಟ್ಟಿಗೆ. ನಾನು ಮದುವೆಯಾಗಿ ಬಂದಾಗ ಅಲ್ಲಿ ಎರಡು ಎಮ್ಮೆ ಕಟ್ಟುತ್ತಿದ್ದೆವು. ಎಮ್ಮೆ ಹೋದ ಮೇಲೆ ಹುರುಳಿ ಮೂಟೆ ಇಟ್ಟೆವು, ಹೊಲ ಹೋದ ಮೇಲೆ ಮೂಟೆಯೂ ಹೋಯಿತು. ನಮ್ಮ ಯಜಮಾನರು ಮುನಿರಾಮಯ್ಯನವರು ನೆಲಕ್ಕೆ ಕಲ್ಲು ಹಾಕಿಸಿ, ಆಗಿನ್ನೂ ಮೀಸೆ ಸರಿಯಾಗಿ ಬಲಿಯದಿದ್ದ ಈ ಡಾಕ್ಟ್ರಿಗೆ ಬಾಡಿಗೆಗೆ ಕೊಟ್ಟರು. ನಮ್ಮತ್ತೆಯ ಕಾಲದ ಮರದ ಬೀರುವೊಂದು ಬಾಗಿಲಲ್ಲಿ ಹಿಡಿಸದೆ ಅಲ್ಲೇ ಉಳಿದಿತ್ತು. ಡಾಕ್ಟ್ರು ಅದರಲ್ಲೇ ಔಷಧಿ ಇಟ್ಟುಕೊಂಡರು. ಆವತ್ತು ಅವರ ಜೊತೆ ಸಹಾಯಕ್ಕೆ ಬಂದ ಹುಡುಗಿ ಕಲಾವತಿ. ಈಗ ಅವಳ ತಲೆಯೂ ಅರ್ಧ ನೆರೆತಿದೆ. ಸರದಿ ಕರೆಯುವುದು, ಸೂಜಿ ಬೇಯಿಸುವ ಕಾಲದಲ್ಲಿ ಸೂಜಿ ಬೇಯಿಸಿದ್ದು, ಮಾತ್ರೆ ಪೊಟ್ಟಣ ಕಟ್ಟುವುದು, ಎಲ್ಲ ಅವಳೇ.

ಕ್ಲಿನಿಕ್ಕಿಗೆ ಬರುವವರಿಗೆ ಒಂದು ಪದ್ಧತಿ ಉಂಟು. ಬೆಳಕು ಹರಿಯುತ್ತಿದ್ದಂತೆ ಬಂದು ಮೆಟ್ಟಿಲ ಮೇಲೆ ತಮ್ಮ ಗುರುತು ಇಟ್ಟು ಹೋಗುತ್ತಾರೆ. ಒಬ್ಬರದು ಅರ್ಧ ಇಟ್ಟಿಗೆ, ಒಬ್ಬರದು ಹರಿದ ಚಪ್ಪಲಿ, ಇನ್ನೊಬ್ಬರದು ಗಂಟು ಹಾಕಿದ ಕೈಚೀಲ. ಮೂರನೇ ಕ್ರಾಸಿನ ಚಂದ್ರವ್ವನದು ಹಸಿರು ನೀರಿನ ಬಾಟಲಿ, ಕುತ್ತಿಗೆಗೆ ಅರಿಶಿನದ ದಾರ. ಆಮೇಲೆ ಮನೆಗೆಲಸ ಮುಗಿಸಿಕೊಂಡು ಹತ್ತರ ಹೊತ್ತಿಗೆ ಬಂದು ತಮ್ಮ ಗುರುತಿನ ಜಾಗದಲ್ಲಿ ತಾವು ನಿಲ್ಲುತ್ತಾರೆ. ಇನ್ನೊಬ್ಬರ ಗುರುತನ್ನು ಯಾರೂ ಮುಟ್ಟುವುದಿಲ್ಲ. ಹಿಂದೊಮ್ಮೆ ಮುಟ್ಟಿ ಜಗಳವಾದಾಗ ನಾನೇ ನಡುವೆ ಬಂದು ತೀರ್ಮಾನ ಹೇಳಿದ್ದೆ. ಆವತ್ತಿನಿಂದ ಜಗಲಿಯ ಮೇಲೆ ನಾನು ಕೂತಿದ್ದರೆ ಸಾಕು, ಸಾಲು ತಾನಾಗಿ ಸರಿ ಇರುತ್ತದೆ.

ಬೋರ್ಡಿಗೆ ಬೆಡ್‌ಶೀಟು ಬಿದ್ದ ಮೇಲೂ ಡಾಕ್ಟ್ರು ದಿನಾ ಬಂದರು. ಬಾಗಿಲು ತೆಗೆದು ಒಳಗೆ ಹೋಗಿ ಹಾಕಿಕೊಂಡುಬಿಡುವರು. ಒಳಗೆ ಫ್ಯಾನು ತಿರುಗುತ್ತಿತ್ತು. ಸಂಜೆ ಬೀಗ ಹಾಕಿ ಹೊರಡುವರು. ಬೋರ್ಡು ಮುಚ್ಚಿದ ಮನುಷ್ಯ ಒಳಗೆ ಕೂತು ಮಾಡುವುದೇನು?

ನನ್ನ ಸೊಸೆ ಸುಮಾ ಬ್ಯಾಂಕಿಗೆ ಹೋಗುವವಳು. ಒಂದು ಸಂಜೆ ಮೊಬೈಲ್ ಹಿಡಿದುಕೊಂಡು ಪಕ್ಕಕ್ಕೆ ಬಂದಳು.

"ಅತ್ತೆ, ಡಾಕ್ಟ್ರುಗಳ ಹೆಸರು ಇಡೋ ಕೌನ್ಸಿಲ್ ಇದೆಯಲ್ಲ, ಅವ್ರ ಪಟ್ಟೀಲಿ ನಮ್ಮ ಡಾಕ್ಟ್ರನ್ನ ಹುಡುಕ್ದೆ. ಅಮಾನತು ಅಂತ ಬರ್ತಾ ಇದೆ. ಮೂರು ತಿಂಗ್ಳು."

"ಅಂಗಂದ್ರೆ?"

"ಮೂರು ತಿಂಗ್ಳು ಅವ್ರು ಡಾಕ್ಟ್ರಲ್ಲ ಅಂತ. ಯಾರ ನಾಡೀನೂ ಹಿಡಿಯೋ ಹಾಗಿಲ್ಲ. ಹಿಡಿದ್ರೆ ಪೂರ್ತಿ ಹೆಸರೇ ಹೋದ್ರೂ ಹೋಗ್ಬಹುದು."

ಏನು ಮಾಡಿದ್ದಕ್ಕೆ ಎಂದು ತಿಳಿದದ್ದು ಮುನೇಶನಿಂದ. ಪೀಣ್ಯದ ಕಡೆ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಅವನಿಗೆ. ನಮ್ಮ ಬೀದಿಯ ತುದಿಯ ಮನೆ. ಬೀದಿಯವರೆಲ್ಲ ಅವನನ್ನು ನೋಡಿ ಮುಸಿಮುಸಿ ನಗುತ್ತಿದ್ದರು, ಅವನು ತಲೆ ತಗ್ಗಿಸಿಕೊಂಡು ಓಡಾಡುತ್ತಿದ್ದ. ಒಂದು ಭಾನುವಾರ ಕರೆದು ಕೂರಿಸಿದೆ.

"ಬಾಮೈದನ ಮದುವೆ ಇತ್ತು ದೊಡ್ಡಮ್ಮ. ರಜಾ ಕೊಡ್ಲಿಲ್ಲ. ಕಾಮಾಲೆ ಅಂತ ಸರ್ಟಿಫಿಕೇಟ್ ಇಟ್ಟೆ."

"ಆಮೇಲೆ?"

"ಆಮೇಲೇನು, ಮೆರವಣಿಗೇಲಿ ತಮಟೆ ಮುಂದೆ ಕುಣಿದಿದ್ದು ಯಾವೋನೋ ವಿಡಿಯೋ ಹಾಕ್ಬಿಟ್ಟ. ಫ್ಯಾಕ್ಟರಿ ಮ್ಯಾನೇಜರ್ ನೋಡಿ, ಕಾಮಾಲೆ ಬಂದೋನು ಇಂಗೆ ಕುಣಿದ್ರೆ ಕಾಯಿಲೆ ಇಲ್ದೋನು ಎಂಗೆ ಕುಣೀತಾನೆ ಅಂತ ಕೇಳ್ದ. ಕೌನ್ಸಿಲ್‌ಗೆ ಬರೆದಾಕ್ಬಿಟ್ರು."

"ಡಾಕ್ಟ್ರು ನಿನ್ನ ನೋಡಿ ಕೊಟ್ರೇನೋ?"

ಅವನು ಕ್ಲಿನಿಕ್ಕಿನ ಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸಿ ದನಿ ಇಳಿಸಿದ. "ಡಾಕ್ಟ್ರು ನನ್ನ ಮುಖಾನೇ ನೋಡಿಲ್ಲ. ಕಲಾವತಕ್ಕ ಬರ್ಕೊಟ್ರು. ಸಹಿ ಮೊದಲೇ ಇತ್ತು. ಇಡೀ ಪ್ಯಾಡಿಗೇ ಸಹಿ ಮಾಡಿ ಇಟ್ಟುಬಿಟ್ಟಿರ್ತಾರೆ ದೊಡ್ಡಮ್ಮ, ಎಲ್ರಿಗೂ ಗೊತ್ತು."

ಎಲ್ಲರಿಗೂ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಅಥವಾ ಗೊತ್ತಾಗುವಷ್ಟು ಹತ್ತಿರ ನಾನು ಹೋಗಿರಲಿಲ್ಲ.

ಮಾರನೇ ದಿನ ಡಾಕ್ಟ್ರನ್ನು ಬಾಗಿಲಲ್ಲೇ ತಡೆದೆ. "ಪೇಂಟಿನೋನು ಮೂರು ತಿಂಗ್ಳು ಬರಲ್ವಂತಲ್ಲ ಡಾಕ್ಟ್ರೇ."

ಅವರ ಮುಖ ಸಣ್ಣದಾಯಿತು. ಹೆಲ್ಮೆಟ್ಟಿನ ಪಟ್ಟಿ ತಿರುವಿದರು. "ಶಿವರಾತ್ರಿ ಹೊತ್ತಿಗೆ ಮುಗಿಯುತ್ತಮ್ಮ. ಅಲ್ಲೀವರೆಗೂ ಒಬ್ಬರನ್ನ ನೋಡಿದ್ರೂ ನನ್ನ ಕಥೆ ಮುಗೀತು. ಜನಕ್ಕೆ ನೀವೇ ಒಂದು ಮಾತು ಹೇಳಿ, ಬೇರೆ ಕಡೆ ಹೋಗಲಿ."

"ಹೇಳ್ತೀನಿ. ನೀವ್ಯಾಕೆ ದಿನಾ ಬರ್ತೀರಿ?"

"ನಯನಾಗೆ ಹೇಳಿಲ್ಲ" ಅಂದರು. ನಯನಾ ಅವರ ಹೆಂಡತಿ. "ಅವಳ ತಮ್ಮನೂ ಡಾಕ್ಟ್ರು. ಗೊತ್ತಾದ್ರೆ ತಲೆ ಎತ್ತೋಕಾಗಲ್ಲ. ಎಂದಿನ ಹಾಗೆ ಮನೆ ಬಿಡ್ತೀನಿ, ಇಲ್ಲಿ ಬಂದು ಪೇಪರ್ ಓದ್ಕೊಂಡು ಕೂರ್ತೀನಿ."

ನಂಬಿದೆ. ಪೂರ್ತಿಯಾಗಿ ಅಲ್ಲ.

ಬಂದವರಿಗೆಲ್ಲ ಹೇಳಿದೆ. "ಡಾಕ್ಟ್ರು ಶಿವರಾತ್ರಿವರೆಗೂ ನೋಡಲ್ಲ, ಬೇರೆ ಕಡೆ ತೋರಿಸ್ಕೊಳ್ಳಿ." ಎಲ್ಲರೂ ತಲೆ ಆಡಿಸಿದರು. ಮಾರನೇ ಬೆಳಿಗ್ಗೆ ಎದ್ದು ನೋಡಿದರೆ ಮೆಟ್ಟಿಲ ಮೇಲೆ ಇಟ್ಟಿಗೆ, ಚಪ್ಪಲಿ, ಹಸಿರು ಬಾಟಲಿ, ಎಲ್ಲ ಯಥಾಪ್ರಕಾರ ಸಾಲಾಗಿ ಕೂತಿವೆ. ಮೊದಮೊದಲು ರೂಢಿಗೆ ಇಟ್ಟಿರಬೇಕು ಎಂದುಕೊಂಡೆ. ಯಾರೂ ಬಾಗಿಲ ಒಳಗೆ ಹೋಗಲಿಲ್ಲ, ಅದನ್ನು ಕಣ್ಣಾರೆ ನೋಡಿದ್ದೇನೆ. ಆದರೆ ನಾನು ಊಟ ಮಾಡಿ ಒಂದಿಷ್ಟು ಅಡ್ಡಾಗಿ ಎದ್ದು ಬರುವಷ್ಟರಲ್ಲಿ ಮೆಟ್ಟಿಲು ಖಾಲಿ.

ಕಲಾವತಿಯನ್ನು ಕೇಳಿದೆ. ಅವಳೂ ದಿನಾ ಬರುತ್ತಿದ್ದಳು, ಕಸ ಗುಡಿಸುವ ನೆಪದಲ್ಲಿ.

"ನಾನೇ ಎತ್ತಿ ಕಸದ ಗಾಡಿಗೆ ಬಿಸಾಕ್ತಾ ಇದೀನಮ್ಮ. ಎಷ್ಟು ಹೇಳಿದ್ರೂ ಕೇಳಲ್ಲ ಈ ಜನ."

"ಒಳ್ಳೇದು ಮಾಡಿದೆ" ಅಂದೆ.

ಮಾರನೇ ಬೆಳಿಗ್ಗೆ ಅದೇ ಹಸಿರು ಬಾಟಲಿ, ಅದೇ ಅರಿಶಿನದ ದಾರದ ಸಮೇತ, ಎರಡನೇ ಮೆಟ್ಟಿಲ ಮೇಲೆ ಕೂತಿತ್ತು. ಕಸದ ಗಾಡಿಗೆ ಹೋದ ಬಾಟಲಿ ಚಂದ್ರವ್ವನ ಮನೆಗೆ ವಾಪಸು ನಡೆದುಕೊಂಡು ಹೋಯಿತೇ?

ಆ ದಿನಗಳಲ್ಲಿ ಬೀದಿಯಲ್ಲಿ ಒಬ್ಬರ ಮೇಲೆ ಒಬ್ಬರಿಗೆ ಕಣ್ಣು. ಮುನೇಶ ಬೇಕಂತಲೇ ಸಿಕ್ಕಿಹಾಕಿಸಿದ ಎಂದು ಕೆಲವರು. ಮೇನ್ ರೋಡಿನಲ್ಲಿ ಹೊಸದಾಗಿ ಎ.ಸಿ. ಹಾಕಿಕೊಂಡು ತೆರೆದ ಕ್ಲಿನಿಕ್ಕಿನವರದೇ ಕೈವಾಡ ಎಂದು ಇನ್ನು ಕೆಲವರು. ಒಂದು ಬೆಳಿಗ್ಗೆ ಹೆಲ್ಮೆಟ್ಟು ಹಾಕಿದ ಒಬ್ಬ ಎದುರಿನ ಬೇಕರಿ ಹತ್ತಿರ ನಿಂತು ನಮ್ಮ ಮೆಟ್ಟಿಲಿನ ಕಡೆ ಮೊಬೈಲ್ ಹಿಡಿದು ಫೋಟೋ ತೆಗೆದ. ಕೌನ್ಸಿಲ್ಲಿನ ಗೂಢಚಾರ ಸಿಕ್ಕಿಬಿದ್ದ ಎಂದು ಮುನೇಶ ಓಡಿಹೋಗಿ ಅವನ ಕಾಲರ್ ಹಿಡಿದ.

"ಯಾವೋನ್ ಗುರು ನೀನು? ಯಾರು ಕಳಿಸಿದ್ದು?"

"ಬಿಡಣ್ಣ, ಕೇಬಲ್ ಎಳಿಯೋಕೆ ಕಂಬ ನೋಡ್ತಾ ಇದೀನಿ! ಕಂಬದ ಫೋಟೋ ಅಣ್ಣ!"

ಪಾಪ, ಅವನ ಹೆಸರು ಫರ್ಹಾನ್ ಅಂತೆ. ಬೇಕರಿಯವನೇ ಟೀ ಕೊಟ್ಟು ಸಮಾಧಾನ ಮಾಡಿದ. ಅವನ ಮೊಬೈಲ್ ಇಸಿದುಕೊಂಡು ನೋಡಿದರೆ ಬರೀ ಕಂಬ. ಬೀದಿಯವರು ನಕ್ಕರು, ನಾನು ನಗಲಿಲ್ಲ. ಹೊರಗಿನವರ ಮೇಲೆ ಕಣ್ಣಿಟ್ಟವರು ಒಳಗೆ ನಡೆಯುವುದನ್ನು ನೋಡುತ್ತಿಲ್ಲ ಎನಿಸಿತು.

ಅವರೆಕಾಯಿ ಕಾಲ ಬಂತು. ಒಂದು ದಿನ ಊಟ ಬೇಗ ಮುಗಿಸಿ, ಅಡ್ಡಾಗದೆ, ಒಂದು ಸೇರು ಅವರೆಕಾಯಿ ಸೆರಗಿಗೆ ಸುರಿದುಕೊಂಡು ಚಂದ್ರವ್ವನ ಮನೆಗೆ ಹೋದೆ. ಅವಳೂ ಒಂದು ರಾಶಿ ಮುಂದೆ ಹಾಕಿಕೊಂಡು ಕೂತಿದ್ದಳು. ಇಬ್ಬರೂ ಸುಲಿದು, ನೆನೆಸಿದ ಕಾಳು ಹಿತುಕುತ್ತಾ ಮಾತಾಡಿದೆವು. ನೋಡಿದರೆ ಅವಳು ಸೊರಗಿದ್ದಳು. ರವಿಕೆಯ ತೋಳು ಜೋತಾಡುತ್ತಿತ್ತು.

"ಯಾಕೆ ಚಂದ್ರೀ, ಇಂಗಾಗಿದೀಯ?"

"ಹಲ್ಲು ಕೀಳಿಸ್ದೆ ಕೃಷ್ಣಕ್ಕ. ಗಂಜಿ ಬಿಟ್ರೆ ಏನೂ ಇಳಿಯಾಕಿಲ್ಲ. ಎದ್ರೆ ತಲೆ ಗಿರ್ ಅಂತದೆ."

"ಡಾಕ್ಟ್ರಿಗೆ ಹೇಳ್ದ್ಯಾ?"

"ಏಳ್ದೆ. ಅದೇ ಬೀಪಿ ಮಾತ್ರೆ ಮುಂದುವರ್ಸು ಅಂದವ್ರೆ."

"ಯಾವಾಗ ಅಂದ್ರು? ನೀನು ಕ್ಲಿನಿಕ್ ಒಳಗೆ ಕಾಲೇ ಇಟ್ಟಿಲ್ವಲ್ಲ."

ಅವಳು ಉತ್ತರ ಕೊಡುವ ಮೊದಲೇ ಬಾಗಿಲಲ್ಲಿ ನೆರಳು. ಕಲಾವತಿ. ಒಂದು ಕೈಯಲ್ಲಿ ವೈರ್ ಬುಟ್ಟಿ. ಅದರಲ್ಲಿ ಇಟ್ಟಿಗೆ, ಚಪ್ಪಲಿ, ಹಸಿರು ಬಾಟಲಿ. ಇನ್ನೊಂದು ಕೈಯಲ್ಲಿ ಮಾತ್ರೆ ಪೊಟ್ಟಣ. "ಚಂದ್ರವ್ವ, ಡಾಕ್ಟ್ರು ಹೇಳಿದಾರೆ, ಹಳೇದೇ..." ಎಂದವಳು ನನ್ನನ್ನು ನೋಡಿ ಅಲ್ಲಿಗೇ ನಿಲ್ಲಿಸಿದಳು.

ನಾನು ಕಾಳು ಹಿತುಕುತ್ತಲೇ ಇದ್ದೆ. "ಬಾ, ಕೂತ್ಕೋ" ಅಂದೆ. ಕೂರಲಿಲ್ಲ. ಬಾಟಲಿ ಇಟ್ಟು ತಿರುಗಿದಳು. ನಾನೂ ಸೆರಗು ಕೊಡವಿ ಹಿಂದೆ ಹೊರಟೆ. ಹಿಂದಿನ ಗಲ್ಲಿಯಲ್ಲಿ ನಿಂತು ಕಾಯುತ್ತಿದ್ದಳು.

"ಯಾರಿಗೂ ಹೇಳ್ಬೇಡಿ ಅಮ್ಮ."

"ಎಷ್ಟು ದಿನದಿಂದ?"

"ಬೋರ್ಡು ಮುಚ್ಚಿದ್ ವಾರದಿಂದ. ಮೂರು ತಿಂಗ್ಳು ಸಾಲು ಮುರಿದ್ರೆ ಮತ್ತೆ ಕಟ್ಟೋಕಾಗುತ್ತಾ? ಎಲ್ಲಾ ಆ ಎ.ಸಿ. ಕ್ಲಿನಿಕ್ಕಿಗೆ ಹೋಗ್ಬಿಡ್ತಾರೆ. ಗುರುತು ಇಟ್ಟಿರಿ, ಮನೇಗೇ ಮಾತ್ರೆ ತಂದ್ಕೊಡ್ತೀನಿ ಅಂತ ನಾನೇ ಹೇಳಿದ್ದು. ಹೊಸ ಕಾಯಿಲೆ ಮುಟ್ಟಿಲ್ಲಮ್ಮ, ದೇವ್ರಾಣೆ. ಹಳಬರಿಗೆ ಹಳೇದೇ. ಡಾಕ್ಟ್ರು ಬರೋದು ತಡ ಆದಾಗೆಲ್ಲ 'ಕಲಾವತೀ, ಹಳೇದೇ ಕೊಟ್ಟುಕಳ್ಸು' ಅಂತ ಫೋನಲ್ಲಿ ಹೇಳ್ತಾ ಇರ್ಲಿಲ್ವಾ? ಅದನ್ನೇ ಮಾಡ್ತಾ ಇದೀನಿ."

"ನಿನಗೇನಾದ್ರೂ ಆದ್ರೆ?"

ಅವಳು ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ. "ನನ್ನ ಹೆಸರು ಯಾವ ಪಟ್ಟೀಲಿದೆ ಅಂತ ಹೊಡೆದಾಕ್ತಾರೆ?"

"ಡಾಕ್ಟ್ರಿಗೆ ಗೊತ್ತಾ?"

"ಇಲ್ಲಮ್ಮ. ಅವ್ರಿಗೇನೂ ಗೊತ್ತಿಲ್ಲ."

ನಾನು ಕೇಳಿ ಮುಗಿಸುವ ಮೊದಲೇ ಬಂದುಬಿಟ್ಟಿತ್ತು ಆ ಉತ್ತರ.

ಮನೆಗೆ ಬಂದು ಯೋಚಿಸಿದೆ. ಔಷಧಿ ಇರುವುದು ಬೀರುವಿನಲ್ಲಿ. ಬೀರು ಇರುವುದು ಡಾಕ್ಟ್ರು ಕೂರುವ ಕೋಣೆಯಲ್ಲಿ. ನಡುವೆ ಇರುವುದು ಒಂದು ಬಟ್ಟೆಯ ಪರದೆ. ನಮ್ಮತ್ತೆಯ ಆ ಬೀರುವಿನ ಬಾಗಿಲು ತೆಗೆದರೆ ಎಮ್ಮೆಕರು ಕೂಗಿದ ಹಾಗೆ ಕೂಗುತ್ತದೆ. ಅತ್ತೆ ಬೆಲ್ಲ ಬಚ್ಚಿಡುತ್ತಿದ್ದದ್ದು ಅದರಲ್ಲೇ. ಮಕ್ಕಳು ಯಾರು ಕೈ ಹಾಕಿದರೂ ಹೊಲದಲ್ಲಿದ್ದವರಿಗೂ ಗೊತ್ತಾಗುತ್ತಿತ್ತು. ನನ್ನ ಅಡುಗೆಮನೆಗೇ ಕೇಳುವ ಆ ಕೂಗು ಪರದೆಯ ಆಚೆ ಕೂತವರಿಗೆ ಕೇಳುವುದಿಲ್ಲವೇ?

ಮಾರನೇ ದಿನ ಗಲ್ಲಿಗೆ ತೆರೆಯುವ ಕ್ಲಿನಿಕ್ಕಿನ ಹಿಂಬಾಗಿಲಿನಿಂದ ಒಳಗೆ ಹೋದೆ. ಕಲಾವತಿ ಇನ್ನೂ ಬಂದಿರಲಿಲ್ಲ. ಬೀರುವಿನ ಬೀಗದ ಕೈ ಬಾಗಿಲ ಪಕ್ಕದ ಮೊಳೆಗೆ ನೇತಾಡುತ್ತಿತ್ತು. ಡಾಕ್ಟ್ರು ಪರದೆ ಎಳೆದುಕೊಂಡು ಒಳಗಿದ್ದರು. ನನ್ನ ಹೆಜ್ಜೆ ಕೇಳಿಸಿರಬೇಕು, ಆದರೆ ಯಾರು ಎಂದು ಕೇಳಲಿಲ್ಲ. ನಾನೇ ಪರದೆ ಸರಿಸಿದೆ. ಪೇಪರು ಮೊಣಕಾಲ ಮೇಲಿತ್ತು, ಮಡಿಕೆ ಬಿಚ್ಚಿರಲಿಲ್ಲ.

"ಓ ನೀವಾ ಅಮ್ಮ!" ಅಂದರು. ಮತ್ಯಾರು ಅಂದುಕೊಂಡಿದ್ದರೋ.

ಕಲಾವತಿಯ ಮಾತು ನಾನು ಎತ್ತಲಿಲ್ಲ. "ನಮ್ಮ ಬೀರು ತುಂಬ ಕೂಗ್ತದೆ ಡಾಕ್ಟ್ರೇ. ಮಧ್ಯಾಹ್ನ ಮಲಗಿದ್ರೆ ಎಚ್ಚರ ಆಗೋಗ್ತದೆ. ನಿಮಗೆ ಕೇಳಿಸಲ್ವಾ?"

"ಇಲ್ವಲ್ಲಮ್ಮ. ಬೀರು ತೆಗಿಯೋರು ಯಾರು ಈಗ? ಔಷಧಿ ಮುಟ್ಟೋ ಹಾಗೇ ಇಲ್ಲ."

"ಅಂಗಾದ್ರೆ ಇಲಿ ಇರ್ಬೇಕು" ಅಂದು ಬಂದೆ.

ಮಾರನೇ ಮಧ್ಯಾಹ್ನ ನಾನು ಮಲಗಲಿಲ್ಲ. ಅಡುಗೆಮನೆಯಲ್ಲಿ ಗೋಡೆಗೆ ಆತು ಕೂತೆ. ಹಿಂದಿನ ಬಾಗಿಲು ತೆರೆದ ಸದ್ದು ಕೇಳಿತು. ಕಲಾವತಿಯ ಬಳೆ ಕೇಳಿತು. ಮೊಳೆಯಿಂದ ಬೀಗದ ಕೈ ತೆಗೆದದ್ದು ಕೇಳಿತು. ಬೀರು ಮಾತ್ರ ಕೂಗಲಿಲ್ಲ. ನಾನು ಈ ಮನೆಗೆ ಬಂದಾಗಿನಿಂದ ಒಂದು ದಿನವೂ ಸುಮ್ಮನಿರದಿದ್ದ ಬೀರು ಬಾಯಿ ಮುಚ್ಚಿಕೊಂಡಿತ್ತು.

ಸಂಜೆ ಅವರೆಲ್ಲ ಹೋದ ಮೇಲೆ ನನ್ನ ಬಳಿ ಇದ್ದ ಇನ್ನೊಂದು ಬೀಗದ ಕೈಯಿಂದ ಹಿಂಬಾಗಿಲು ತೆಗೆದು ನೋಡಿದೆ. ಬೀರುವಿನ ತಿರುಗಣೆಗೆ ಯಾರೋ ಎಣ್ಣೆ ಬಿಟ್ಟಿದ್ದರು. ಇನ್ನೂ ಹಸಿ ಇತ್ತು, ಒಂದೆರಡು ಹನಿ ನೆಲಕ್ಕೂ ಬಿದ್ದಿತ್ತು.

ಆ ವಿಷಯ ನನ್ನಲ್ಲೇ ಇಟ್ಟುಕೊಂಡೆ. ಚಂದ್ರವ್ವನ ಮನೆಗೆ ಮಾತ್ರ ಹೋಗಿ, "ಆ ಮಾತ್ರೆ ಬಿಡು, ಇಲ್ಲಾಂದ್ರೆ ದೊಡ್ಡಾಸ್ಪತ್ರೇಲಿ ತೋರ್ಸು" ಅಂದೆ.

"ನಮ್ಮ ಡಾಕ್ಟ್ರಿಗಿಂತ ನಿನಗೆ ಜಾಸ್ತಿ ಗೊತ್ತಾ ಕೃಷ್ಣಕ್ಕ?" ಎಂದು ನಕ್ಕಳು.

ಸಂಕ್ರಾಂತಿ ಕಳೆದ ಒಂದು ಬೆಳಿಗ್ಗೆ ಚಂದ್ರವ್ವ ಮುನೇಶ್ವರನ ಗುಡಿ ಮುಂದೆ ಕುಸಿದು ಬಿದ್ದಳು. ಸೊಂಟದ ಮೂಳೆ ಉಳಿಯಿತು, ಹಣೆಗೆ ಹೊಲಿಗೆ ಬಿತ್ತು. ಆಸ್ಪತ್ರೆಯಲ್ಲಿ ಬೀಪಿ ನೋಡಿದವರು ಇಷ್ಟು ಇಳಿದಿರುವಾಗ ಈ ಮಾತ್ರೆ ಕೊಟ್ಟವರು ಯಾರು ಎಂದು ಕೇಳಿದರಂತೆ. "ನಮ್ಮ ನಿರಂಜನ್ ಡಾಕ್ಟ್ರು, ದಿನಾ ಮನೆಗೇ ಕಳಿಸ್ತಾರೆ" ಎಂದಳಂತೆ, ಹೆಮ್ಮೆಯಿಂದ. ಅವಳ ಮಗ ಮುರುಗೇಶ್ ಅದನ್ನೇ ಕೌನ್ಸಿಲ್ಲಿಗೆ ಬರೆದು ಹಾಕಿದ. ಮೆಟ್ಟಿಲ ಮೇಲಿನ ಸಾಲಿನ ಫೋಟೋವನ್ನೂ ತೆಗೆದು ಕಳಿಸಿದ. ಫೋಟೋ ತೆಗೆಯುತ್ತಿದ್ದಾಗ ಅವನ ಕಾಲರ್ ಮಾತ್ರ ಯಾರೂ ಹಿಡಿಯಲಿಲ್ಲ.

ಕೌನ್ಸಿಲ್ಲಿನಿಂದ ಡಾಕ್ಟ್ರಿಗೆ ಕರೆ ಬಂತು. ಫೆಬ್ರವರಿಯ ಒಂದು ಶುಕ್ರವಾರ ಹಾಜರಾಗಬೇಕು, ಸಾಕ್ಷಿ ಇದ್ದರೆ ಕರೆತರಬೇಕು. ಅಮಾನತು ಮುಗಿಯಲು ಇನ್ನು ಕೆಲವೇ ದಿನ ಇತ್ತು. ಡಾಕ್ಟ್ರು ನಮ್ಮನೆಯೊಳಗೆ ಬಂದು ಕೂತರು. ಇಷ್ಟು ವರ್ಷದಲ್ಲಿ ಒಳಗೆ ಬಂದು ಕೂತದ್ದು ಅದೇ ಮೊದಲು.

"ಅಮ್ಮ, ನೀವು ದಿನಾ ಜಗಲಿ ಮೇಲೇ ಇರ್ತೀರಿ. ಒಬ್ಬ ಪೇಷಂಟೂ ಒಳಗೆ ಹೋಗಿಲ್ಲ. ಅಷ್ಟು ಹೇಳಿ ಸಾಕು. ನಿಮ್ಮ ಮಾತಿನ ಮೇಲೆ ನನ್ನ ಹೆಸರು ನಿಂತಿದೆ. ಸುಳ್ಳು ಹೇಳಿ ಅಂತಿಲ್ಲ."

"ಕಲಾವತಿ?"

ಕೈಯಲ್ಲಿದ್ದ ಲೋಟದೊಳಗೆ ನೋಡಿದರು. "ಅದು ನನಗೂ ಮೊನ್ನೆ ಗೊತ್ತಾಗಿದ್ದು. ನನ್ನ ಬೆನ್ನ ಹಿಂದೆ ಎಂಥಾ ಕೆಲಸ ಮಾಡಿದಾಳೆ ನೋಡಿ."

ಅವರು ಹೋದ ಮೇಲೆ ಸುಮಾ ಅಂದಳು: "ಅವ್ರು ಹೇಳಿದ್ದಷ್ಟೇ ಹೇಳಿ ಬನ್ನಿ ಅತ್ತೆ. ಒಳ್ಳೇ ಮನುಷ್ಯ. ನಿಮ್ಮ ಮಗನಿಗೆ ಡೆಂಗ್ಯೂ ಬಂದಾಗ ಭಾನುವಾರಾನೂ ಬಂದು ನೋಡಿದೋರು."

ಅದು ನನಗೆ ಮರೆತಿರಲಿಲ್ಲ. ಆವತ್ತು ನನ್ನ ಮಗ ಗಿರಿಯ ತಲೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತವರು ಇಬ್ಬರು, ಡಾಕ್ಟ್ರು ಮತ್ತೆ ಕಲಾವತಿ.

ಆ ಬುಧವಾರ ಕಲಾವತಿ ಒಂದು ಚಿಕ್ಕ ಬ್ಯಾಗ್ ಹಿಡಿದು ಜಗಲಿಗೆ ಬಂದಳು. "ಚಿಂತಾಮಣಿಗೆ ಹೋಗ್ಬಿಟ್ಟು ಬರ್ತೀನಮ್ಮ, ಅಕ್ಕನ ಮನೆಗೆ. ಡಾಕ್ಟ್ರೇ ಹೇಳಿದ್ರು, ಒಂದೆರಡು ದಿನ ಊರಲ್ಲಿರು, ಶನಿವಾರ ಬಾ ಅಂತ. ಬಸ್ಸಿಗೂ ಅವ್ರೇ ಕೊಟ್ರು."

"ಶುಕ್ರವಾರ ವಿಚಾರಣೆ ಇದೆಯಲ್ಲ, ನಿನ್ನ ಕರೀಲಿಲ್ವಾ?"

"ನಾನ್ ಬಂದ್ರೆ ಗಲಿಬಿಲಿ ಆಗುತ್ತಂತೆ. ಅವ್ರೇ ಎಲ್ಲಾ ನೋಡ್ಕೊಳ್ತಾರಂತೆ." ಅವಳ ಮುಖದಲ್ಲಿ ಅನುಮಾನದ ಗೆರೆಯೂ ಇರಲಿಲ್ಲ. ಆ ನಂಬಿಕೆ ನೋಡಿಯೇ ನನಗೆ ಹೆಚ್ಚು ಕಸಿವಿಸಿಯಾಯಿತು.

ಶುಕ್ರವಾರ ಸುಮಾ ರಜಾ ಹಾಕಿ ನನ್ನ ಜೊತೆ ಬಂದಳು. ಉದ್ದನೆ ಮೇಜಿನ ಆಚೆ ಮೂವರು. ನಡುವೆ ಕೂತ ಹೆಂಗಸು ಕನ್ನಡಕ ತಲೆಯ ಮೇಲೆ ಏರಿಸಿಕೊಂಡು ನನ್ನನ್ನು ನೋಡಿದರು. ಬಾಡಿಗೆದಾರನ ಪರ ಬಂದ ಮನೆ ಒಡತಿ ಏನು ಹೇಳಬಹುದು ಎಂದು ಅವರಿಗೆ ಮೊದಲೇ ಗೊತ್ತಿದ್ದ ಹಾಗಿತ್ತು.

"ಮೂರು ತಿಂಗಳಲ್ಲಿ ಯಾರಾದ್ರೂ ಪೇಷಂಟು ಒಳಗೆ ಹೋಗಿದ್ದು ನೋಡಿದ್ರಾ ಅಮ್ಮ?"

"ಇಲ್ಲ ಮೇಡಂ. ಒಬ್ರೂ ಹೋಗಿಲ್ಲ."

"ಮತ್ತೆ ಆ ಇಟ್ಟಿಗೆ, ಬಾಟಲಿ?"

"ಅದು ಅವ್ರವ್ರ ಜಾಗ ಹಿಡಿಯೋಕೆ ಇಡೋದು. ಮುಂಚಿಂದ್ಲೂ ಅಂಗೇ."

ಪಕ್ಕದಲ್ಲಿದ್ದ ಡಾಕ್ಟ್ರು ಉಸಿರು ಬಿಟ್ಟದ್ದು ಕೇಳಿಸಿತು. ಸಾಕು, ಹೋಗಿ ಎಂದರು. ನಾನು ಕುರ್ಚಿ ಹಿಡಿದು ಏಳುತ್ತಿದ್ದೆ. ಆಗ ಡಾಕ್ಟ್ರು ಎದ್ದು ನಿಂತು ಅಂದರು: "ಮೇಡಂ, ಮಾತ್ರೆ ಹಂಚಿದ್ದು ನನ್ನ ಅಸಿಸ್ಟೆಂಟು. ನನಗೆ ಗೊತ್ತೇ ಇಲ್ಲ. ಬೀಗದ ಕೈ ಕದ್ದು ಬೀರು ತೆಗೆದಿದಾಳೆ. ಮೊದಲಿನ ಸರ್ಟಿಫಿಕೇಟೂ ಅವಳೇ ಬರೆದಿದ್ದು. ಈಗ ಊರು ಬಿಟ್ಟು ಓಡಿಹೋಗಿದಾಳೆ, ಇದಕ್ಕಿಂತ ಸಾಕ್ಷಿ ಏನು ಬೇಕು?"

ನಾನು ಮತ್ತೆ ಕೂತೆ.

"ಇನ್ನೇನಾದ್ರೂ ಹೇಳೋದಿದೆಯಾ?" ಎಂದರು ಆ ಹೆಂಗಸು.

"ಅವಳು ಓಡೋಗಿಲ್ಲ ಮೇಡಂ. ಇವ್ರೇ ಬಸ್ಸಿಗೆ ಕೊಟ್ಟು ಕಳಿಸಿದ್ದು. ನಾಳೆ ಬರ್ತಾಳೆ. ಬೀಗದ ಕೈ ಮೊಳೆಗೇ ನೇತಾಕಿರ್ತಿತ್ತು, ಕದಿಯೋಕೆ ಏನೂ ಇರ್ಲಿಲ್ಲ." ಸುಮಾ ಕೊಟ್ಟ ನೀರು ಒಂದು ಗುಟುಕು ಕುಡಿದೆ. "ನಮ್ಮ ಬೀರು ತೆಗೆದ್ರೆ ಕೂಗ್ತಿತ್ತು. ಕೇಳಿಸ್ತದಾ ಅಂತ ಇವ್ರನ್ನ ಕೇಳ್ದೆ. ಕೇಳಿಸಲ್ಲ ಅಂದ್ರು. ಮಾರನೇ ದಿನ ಯಾರೋ ಅದಕ್ಕೆ ಎಣ್ಣೆ ಬಿಟ್ಟಿದ್ರು."

"ಆ ಅಸಿಸ್ಟೆಂಟೇ ಬಿಟ್ಟಿರಬಹುದಲ್ಲ?"

"ಬಿಟ್ಟಿರಬಹುದು. ಆದ್ರೆ ಮೂವತ್ತು ವರ್ಷ ದಿನಾ ಅದನ್ನ ತೆಗೆದೋಳು ಅವಳು, ಒಂದು ದಿನಾನೂ ಬಿಡ್ಲಿಲ್ಲ. ಕೂಗ್ತದೆ ಅಂತ ನಾನು ಹೇಳಿದ್ದು ಇವ್ರೊಬ್ಬರಿಗೇ."

ಹೆಂಗಸು ಕನ್ನಡಕ ಇಳಿಸಿಕೊಂಡು ತಿರುಗಿದರು. "ಡಾಕ್ಟರ್?"

ಡಾಕ್ಟ್ರು ಕರ್ಚೀಫು ತೆಗೆದು ಕೈ ಒರೆಸಿಕೊಂಡರು, ಎಣ್ಣೆ ಇನ್ನೂ ಅಂಟಿದೆಯೇನೋ ಎಂಬಂತೆ. "ನಾನು ಅವಳಿಗೆ ಕೊಡು ಅಂತ ಹೇಳಿಲ್ಲ ಮೇಡಂ. ಬೇಡ ಅಂತಾನೂ ಹೇಳ್ಲಿಲ್ಲ. ಪರದೆ ಎಳ್ಕೊಂಡು ಕೂತಿದ್ದೆ. ಎಣ್ಣೆ ಬಿಟ್ಟಿದ್ದು ನಾನೇ."

ಅವರ ಹೆಸರನ್ನು ಪಟ್ಟಿಯಿಂದ ಎರಡು ವರ್ಷ ತೆಗೆದರು. ಕಲಾವತಿಯ ವಿಷಯ ತಮ್ಮ ಕೈಯಲ್ಲಿಲ್ಲ, ಪೊಲೀಸರಿಗೆ ಬರೆಯುತ್ತೇವೆ, ಸೋಮವಾರ ಅವಳು ಠಾಣೆಗೆ ಹಾಜರಾಗಲಿ ಎಂದರು. ವಾಪಸು ಬರುವಾಗ ಸುಮಾ ಆಟೋದ ಹೊರಗೆ ನೋಡುತ್ತಾ ಕೂತಿದ್ದಳು. ಆಮೇಲೆ, "ನೀವು ಹೇಳ್ದೇ ಇದ್ದಿದ್ರೆ ಸೋಮವಾರ ಅವಳನ್ನ ಒಬ್ಬಳನ್ನೇ ಎಳ್ಕೊಂಡು ಹೋಗ್ತಿದ್ರು ಅಲ್ವಾ ಅತ್ತೆ?" ಅಂದಳು. ಹೇಳಿದ್ದರಿಂದಲೂ ಕಲಾವತಿ ಠಾಣೆಗೆ ಹೋಗುವುದು ತಪ್ಪಿರಲಿಲ್ಲ.

ಮಾರನೇ ಬೆಳಿಗ್ಗೆ ಬಕೆಟ್ಟು ಹಿಡಿದು ಹೊರಗೆ ಬಂದರೆ, ಡಾಕ್ಟ್ರು ಅದೇ ಸ್ಟೂಲಿನ ಮೇಲೆ ನಿಂತು ಬೋರ್ಡು ಬಿಚ್ಚುತ್ತಿದ್ದರು. ಕೆಳಗೆ ಮೆಟ್ಟಿಲ ಮೇಲೆ ಇಟ್ಟಿಗೆ, ಚಪ್ಪಲಿ, ಕೈಚೀಲ ಸಾಲಾಗಿ ಕೂತಿದ್ದವು. ಯಾವುದನ್ನೂ ತುಳಿಯದ ಹಾಗೆ ಕಾಲು ನೋಡಿ ನೋಡಿ ಇಳಿದರು. ಸಾಮಾನು ತುಂಬಿದ ಗಾಡಿಯಲ್ಲಿ ಅವರ ಹೆಂಡತಿ ನಯನಾ ಕೂತಿದ್ದರು, ಈ ಕಡೆ ತಿರುಗಲಿಲ್ಲ.

"ಬೀರುವಿನ ಔಷಧಿ ಎಲ್ಲಾ ತಗೊಂಡಿದೀನಿ ಅಮ್ಮ" ಅಂದು ಬೀಗದ ಕೈ ನನ್ನ ಅಂಗೈಯಲ್ಲಿ ಇಟ್ಟರು.

ಮಧ್ಯಾಹ್ನ ಕಲಾವತಿ ಬಸ್ಸಿಳಿದು ಬಂದಳು. ಬೋರ್ಡು ಇಲ್ಲದ ಗೋಡೆಯನ್ನು ನೋಡಿದಳು, ನನ್ನನ್ನು ನೋಡಿದಳು. ನಡೆದದ್ದನ್ನೆಲ್ಲ ಹೇಳಿದೆ, ಡಾಕ್ಟ್ರು ಅಂದ ಮಾತನ್ನೂ ಬಿಡದೆ. ಸೋಮವಾರ ಠಾಣೆಗೆ ಸುಮಾ ಜೊತೆಗೆ ಬರುತ್ತಾಳೆ ಅಂದೆ. ಅವಳು ಅಳಲಿಲ್ಲ. "ನಾನು ಓಡಿಹೋದೆ ಅಂದ್ರಾ?" ಎಂದು ಎರಡು ಸಲ ಕೇಳಿದಳು. ಆಮೇಲೆ ವೈರ್ ಬುಟ್ಟಿ ತೆಗೆದುಕೊಂಡು ಗುರುತುಗಳನ್ನು ಒಂದೊಂದಾಗಿ ಅದರಲ್ಲಿ ಹಾಕಿ, ಮನೆಮನೆಗೆ ವಾಪಸು ಕೊಟ್ಟು ಬಂದಳು. ಆವತ್ತು ಇನ್ನೊಂದು ಕೈಯಲ್ಲಿ ಏನೂ ಇರಲಿಲ್ಲ.

ಡಾಕ್ಟ್ರು ಈ ಬೀದಿ ಬಿಟ್ಟದ್ದು ಆ ಶನಿವಾರ, ಬಿಸಿಲು ಮೆಟ್ಟಿಲಿಗೆ ಇಳಿಯುವ ಮೊದಲೇ.